ಅಕ್ಷರದಿಂದ ಪದಕ್ಕೆ: ಎಳೆಯರ ಓದಿಗೆ ಪದ ಗುರುತಿಸುವ ಕೌಶಲವೇ ತಳಹದಿ

ಒಂದನೆಯ ತರಗತಿಯ ಮಗು ಪಠ್ಯಪುಸ್ತಕ ತೆರೆದು ಪಾಠವನ್ನು ಒಂದೂ ತಪ್ಪಿಲ್ಲದೆ ಒಪ್ಪಿಸಿದಾಗ ಹೆತ್ತವರಿಗೆ ಸಂತಸವಾಗುವುದು ಸಹಜ. ಆದರೆ ಅದೇ ಪಾಠದ ನಡುವಿನ ಒಂದು ಪದಕ್ಕೆ ಬೆರಳಿಟ್ಟು 'ಇದೇನು' ಎಂದು ಕೇಳಿದರೆ ಮಗು ಮೊದಲ ಸಾಲಿನಿಂದ ಮತ್ತೆ ಆರಂಭಿಸುವುದುಂಟು. ಅಲ್ಲಿ ನಡೆದಿರುವುದು ಕಂಠಪಾಠ, ಓದಲ್ಲ. ಮುದ್ರಿತ ಪದವನ್ನು ಕಂಡ ಕೂಡಲೇ ಅದರ ಉಚ್ಚಾರಣೆಯನ್ನೂ ಅರ್ಥವನ್ನೂ ಒಟ್ಟಿಗೆ ಮನಸ್ಸಿಗೆ ತಂದುಕೊಳ್ಳುವ ಶಕ್ತಿಯೇ ಪದ ಗುರುತಿಸುವ ಕೌಶಲ. ಓದಿನ ಉಳಿದೆಲ್ಲ ಮಹಡಿಗಳೂ ಈ ತಳಹದಿಯ ಮೇಲೆಯೇ ನಿಲ್ಲಬೇಕು.

ಕನ್ನಡ 'ಬರೆದಂತೆ ಓದುವ, ಓದಿದಂತೆ ಬರೆಯುವ' ಭಾಷೆ, ಆದುದರಿಂದ ಅಕ್ಷರಮಾಲೆ ಮುಗಿದರೆ ಓದು ತಾನಾಗಿಯೇ ಬರುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಈ ನಂಬಿಕೆಯಲ್ಲಿ ಅರ್ಧ ಸತ್ಯವಿದೆ. ಕನ್ನಡದಲ್ಲಿ ಅಕ್ಷರಕ್ಕೂ ಧ್ವನಿಗೂ ಇರುವ ಸಂಬಂಧ ಬಹುಮಟ್ಟಿಗೆ ನೇರವಾದುದೇ ಸರಿ. ಆದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ಅವುಗಳ ಕಲಿಕೆ ಒಂದು ವರ್ಷದಲ್ಲಿ ಮುಗಿಯುವಂತಹುದಲ್ಲ. ಮುಗಿಯಿತೆಂದು ಭಾವಿಸಿ ಶಾಲೆಯೂ ಮನೆಯೂ ಬೋಧನೆಯನ್ನು ನಿಲ್ಲಿಸಿದ ಘಟ್ಟದಲ್ಲಿಯೇ ಅನೇಕ ಮಕ್ಕಳು ಹಿಂದುಳಿಯುತ್ತಾರೆ.

ಪದ ಗುರುತಿಸುವುದು ಎಂದರೇನು?

ಅಮೆರಿಕದ ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ 1986ರಲ್ಲಿ ಓದಿನ ಒಂದು ಸರಳ ಸೂತ್ರವನ್ನು ಮುಂದಿಟ್ಟರು. ಓದಿ ಅರ್ಥಮಾಡಿಕೊಳ್ಳುವ ಸಾಮರ್ಥ್ಯವು ಪದ ಗುರುತಿಸುವ ಸಾಮರ್ಥ್ಯ ಮತ್ತು ಆಡುಮಾತನ್ನು ಗ್ರಹಿಸುವ ಸಾಮರ್ಥ್ಯಗಳ ಗುಣಲಬ್ಧ ಎಂಬುದೇ ಆ ಸೂತ್ರ. ಇಲ್ಲಿ ಇರುವುದು ಸಂಕಲನವಲ್ಲ, ಗುಣಾಕಾರ. ಎರಡರಲ್ಲಿ ಒಂದು ಸೊನ್ನೆಯಾದರೆ ಫಲವೂ ಸೊನ್ನೆ. ಆರು ವರ್ಷದ ಮಗು ಸಾವಿರಾರು ಪದಗಳ ಮಾತನ್ನು ಬಲ್ಲದು, ಕಥೆ ಕೇಳಿ ನಗಬಲ್ಲದು, ಪ್ರಶ್ನೆ ಹಾಕಬಲ್ಲದು. ಆದರೂ ಪುಟದ ಮೇಲಿನ ಪದಗಳನ್ನು ಬಿಡಿಸಲಾಗದಿದ್ದರೆ ಆ ಸಂಪತ್ತೆಲ್ಲ ಪುಸ್ತಕದ ಹೊರಗೇ ಉಳಿಯುತ್ತದೆ.

ಪದವನ್ನು ಗುರುತಿಸಲು ಮಗುವಿಗೆ ಎರಡು ದಾರಿಗಳಿವೆ. ಮೊದಲನೆಯದು, ಅಕ್ಷರಗಳನ್ನು ಒಂದೊಂದಾಗಿ ಧ್ವನಿಗೆ ತಿರುಗಿಸಿ ಕೂಡಿಸುವುದು. ಎರಡನೆಯದು, ಹಲವು ಬಾರಿ ಕಂಡ ಪದವನ್ನು ಒಂದೇ ನೋಟಕ್ಕೆ ಹಿಡಿಯುವುದು. ಇವು ಪರಸ್ಪರ ವಿರೋಧಿಗಳಲ್ಲ. ಲಿನಿಯಾ ಏರಿ ಎಂಬ ವಿದ್ವಾಂಸೆಯ ದೀರ್ಘಕಾಲದ ಸಂಶೋಧನೆ ತೋರಿಸಿದಂತೆ, ಪದವೊಂದು ಚಿತ್ರದಂತೆ ನೆನಪಿನಲ್ಲಿ ಉಳಿಯುವುದಿಲ್ಲ. ಅದರ ಅಕ್ಷರಗಳು ಧ್ವನಿಗಳೊಡನೆ ಬೆಸೆದುಕೊಂಡ ಮೇಲೆಯೇ ನೋಟಮಾತ್ರದಿಂದ ದಕ್ಕುವ ಪದವಾಗುತ್ತದೆ. ಕೂಡಿಸಿ ಓದುವುದು ಬೇರಾದರೆ, ಕಂಡೊಡನೆ ಓದುವುದು ಅದರ ಫಲ.

ಡೇವಿಡ್ ಶೇರ್ 1995ರಲ್ಲಿ ಇದಕ್ಕೆ ಇನ್ನೊಂದು ಎಳೆಯನ್ನು ಸೇರಿಸಿದರು. ಹೊಸ ಪದವನ್ನು ತಾನೇ ಬಿಡಿಸಿ ಓದಿದ ಪ್ರತಿಯೊಂದು ಸಲವೂ ಮಗು ತನಗೆ ತಾನೇ ಶಿಕ್ಷಕನಾಗುತ್ತದೆ ಎಂಬುದು ಅವರ ಪ್ರತಿಪಾದನೆ. ಎಲ್ಲ ಪದಗಳನ್ನೂ ಕಲಿಸಲು ಯಾವ ಶಾಲೆಗೂ ಸಾಧ್ಯವಿಲ್ಲ. ಬಿಡಿಸುವ ಉಪಾಯವನ್ನು ಕಲಿಸಿದರೆ ಉಳಿದುದನ್ನು ಮಗುವೇ ಕಲಿಯುತ್ತದೆ.

ಇಂಗ್ಲಿಷ್ ಜಗತ್ತಿನ ವಿವಾದ

ಇಂಗ್ಲಿಷ್ ಬೋಧನೆಯಲ್ಲಿ ಈ ವಿಷಯ ಶತಮಾನದ ವಿವಾದಕ್ಕೆ ಕಾರಣವಾಯಿತು. ಪದಗಳನ್ನು ಇಡಿಯಾಗಿ ನೋಡಿ ಕಲಿಯಬೇಕೆಂಬ ಪಂಥ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಪ್ರಬಲವಾಗಿತ್ತು. ಎಡ್ವರ್ಡ್ ಡಾಲ್ಚ್ 1936ರಲ್ಲಿ ಪ್ರಕಟಿಸಿದ 220 ಪದಗಳ ಪಟ್ಟಿ ಇಂದಿಗೂ ಇಂಗ್ಲಿಷ್ ಶಾಲೆಗಳ ಗೋಡೆಗಳಲ್ಲಿ ಕಾಣಿಸುತ್ತದೆ. 1955ರಲ್ಲಿ ರುಡಾಲ್ಫ್ ಫ್ಲೆಶ್ ತಮ್ಮ ಜನಪ್ರಿಯ ಗ್ರಂಥದ ಮೂಲಕ ಈ ಪದ್ಧತಿಯನ್ನು ಕಟುವಾಗಿ ಟೀಕಿಸಿ, ಅಕ್ಷರ-ಧ್ವನಿ ಬೋಧನೆಯಾದ ಫೋನಿಕ್ಸ್‌ಗೆ ಮರಳಬೇಕೆಂದರು. 1967ರಲ್ಲಿ ಕೆನೆತ್ ಗುಡ್‌ಮನ್ ಓದನ್ನು ಒಂದು ಬಗೆಯ ಊಹೆಯ ಆಟವೆಂದು ಬಣ್ಣಿಸಿದರು. ಚಿತ್ರ ನೋಡಿ, ಸಂದರ್ಭ ನೋಡಿ ಪದವನ್ನು ಊಹಿಸುವ ರೂಢಿಗೆ ಇದರಿಂದ ಬೆಂಬಲ ದೊರೆಯಿತು.

ಅಮೆರಿಕದ ರಾಷ್ಟ್ರೀಯ ಓದು ಮಂಡಳಿಯ 2000ದ ವರದಿ, ವ್ಯವಸ್ಥಿತ ಅಕ್ಷರ-ಧ್ವನಿ ಬೋಧನೆಯೇ ಹೆಚ್ಚು ಫಲಕಾರಿ ಎಂಬ ತೀರ್ಮಾನಕ್ಕೆ ಬಂದಿತು. ಇಂಗ್ಲೆಂಡಿನಲ್ಲಿ 2006ರ ರೋಸ್ ವರದಿಯ ನಂತರ ಅದೇ ಶಾಲೆಗಳ ಮುಖ್ಯ ಮಾರ್ಗವಾಯಿತು. 2012ರಿಂದ ಅಲ್ಲಿನ ಆರು ವರ್ಷದ ಮಕ್ಕಳಿಗೆ ಪದ ಬಿಡಿಸುವ ಕಿರುಪರೀಕ್ಷೆಯನ್ನೂ ನಡೆಸಲಾಗುತ್ತಿದೆ. ಅದರ ಅರ್ಧದಷ್ಟು ಪದಗಳು ಅರ್ಥವಿಲ್ಲದ ಕೃತಕ ಪದಗಳು. ಬಾಯಿಪಾಠವಾಗಲಿ ಊಹೆಯಾಗಲಿ ಅವುಗಳ ಮುಂದೆ ನಡೆಯದು.

ಈ ವಿವಾದದ ತೀರ್ಮಾನವನ್ನು ಯಥಾವತ್ತಾಗಿ ಕನ್ನಡಕ್ಕೆ ಹೊರಿಸುವುದು ಸರಿಯಲ್ಲ. ಇಂಗ್ಲಿಷಿನ ತೊಡಕು ಇಪ್ಪತ್ತಾರು ಅಕ್ಷರಗಳ ವಕ್ರ ನಡೆಯದು. ಕನ್ನಡದ ತೊಡಕೇ ಬೇರೆ.

ಕನ್ನಡ ಲಿಪಿಯ ಸ್ವಭಾವ

ಕನ್ನಡದ ಅಕ್ಷರ ಒಂದು ಬಿಡಿ ಧ್ವನಿಯ ಗುರುತಲ್ಲ. 'ಕ' ಎಂಬಲ್ಲಿ ವ್ಯಂಜನವೂ ಇದೆ, ಅದರೊಳಗೆ ಅಡಗಿದ 'ಅ'ಕಾರವೂ ಇದೆ. ಉಚ್ಚಾರಾಂಶವೇ ಬರವಣಿಗೆಯ ಘಟಕವಾಗಿರುವುದು ಎಳೆಯ ಮಗುವಿಗೆ ಅನುಕೂಲಕರ. 'ಮರ' ಎಂಬುದನ್ನು 'ಮ' ಮತ್ತು 'ರ' ಎಂದು ಒಡೆಯುವುದು ನಾಲ್ಕು ವರ್ಷದ ಮಗುವಿಗೂ ಚಪ್ಪಾಳೆಯ ಆಟ. ಆ 'ಮ'ವನ್ನು ಮತ್ತೆ 'ಮ್' ಮತ್ತು 'ಅ' ಎಂದು ಒಡೆಯುವುದು ಅಷ್ಟು ಸುಲಭವಲ್ಲ.

ಅನನುಕೂಲವಿರುವುದು ಸಂಖ್ಯೆಯಲ್ಲಿ. ವರ್ಣಮಾಲೆಯ ಅಕ್ಷರಗಳು 49. ಆದರೆ 34 ವ್ಯಂಜನಗಳ ಗುಣಿತಾಕ್ಷರಗಳೇ ನಾನೂರನ್ನು ದಾಟುತ್ತವೆ. ಒತ್ತಕ್ಷರಗಳು ಸೇರಿದರೆ ಎಣಿಕೆ ಇನ್ನೂ ಬೆಳೆಯುತ್ತದೆ. ಇವೆಲ್ಲವೂ ನಿಯಮಬದ್ಧವೆಂಬುದು ನಿಜವಾದರೂ ನಿಯಮಗಳಿಗೂ ತಿರುವುಗಳಿವೆ. 'ಕು'ವಿನಲ್ಲಿ ಬಲಬದಿಗೆ ಸೇರುವ ಕೊಂಬು 'ಪು' ಮತ್ತು 'ವು'ಗಳಲ್ಲಿ ಕೆಳಗಿಳಿಯುತ್ತದೆ. 'ಪ' ಮತ್ತು 'ಷ', 'ಬ' ಮತ್ತು 'ಭ', 'ದ' ಮತ್ತು 'ಧ', 'ವ' ಮತ್ತು 'ಮ' ಇವುಗಳ ನಡುವಿನ ಅಂತರ ಒಂದು ಗೀಟು ಅಥವಾ ಒಂದು ಸುಳಿಯಷ್ಟು ಮಾತ್ರ. ದೀರ್ಘವೊಂದು ತಪ್ಪಿದರೆ 'ಕಾಡು' 'ಕಡು'ವಾಗುತ್ತದೆ, 'ಮಾರಿ' 'ಮರಿ'ಯಾಗುತ್ತದೆ.

ಈ ಕಲಿಕೆಗೆ ಎಷ್ಟು ಕಾಲ ಬೇಕು ಎಂಬುದನ್ನು ಸೊನಾಲಿ ನಾಗ್ ಅವರು ಕನ್ನಡ ಓದುವ ಮಕ್ಕಳನ್ನೇ ಪರೀಕ್ಷಿಸಿ ಅಭ್ಯಸಿಸಿದರು. 2007ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಅಕ್ಷರಜ್ಞಾನದ ಗಳಿಕೆ ಒಂದು-ಎರಡನೆಯ ತರಗತಿಗೆ ಮುಗಿಯದೆ ನಾಲ್ಕನೆಯ ತರಗತಿಯವರೆಗೂ ಮುಂದುವರಿಯುತ್ತದೆ. ಉಚ್ಚಾರಾಂಶವನ್ನು ಬಿಡಿ ಧ್ವನಿಗಳಾಗಿ ಒಡೆಯುವ ಅರಿವಂತೂ ಇನ್ನೂ ನಿಧಾನವಾಗಿ ಮೂಡುತ್ತದೆ. ಆದುದರಿಂದ ಎರಡನೆಯ ತರಗತಿಯ ಮಗು 'ಸ್ತ್ರ', 'ಕ್ಷ್ಮಿ'ಗಳ ಮುಂದೆ ನಿಂತರೆ ಅದು ದಡ್ಡತನದ ಲಕ್ಷಣವಲ್ಲ, ಲಿಪಿಯ ಸಹಜ ಗತಿ. ಆ ಗತಿಗೆ ತಕ್ಕಂತೆ ಬೋಧನೆಯೂ ಮುಂದುವರಿಯಬೇಕೆಂಬುದೇ ಇದರ ಪಾಠ.

ಒತ್ತಕ್ಷರವೆಂಬ ಎಡರು

ಸಾಂಪ್ರದಾಯಿಕ ಕ್ರಮದಲ್ಲಿ ಒತ್ತಕ್ಷರಗಳಿಗೆ ಕೊನೆಯ ಸ್ಥಾನ. ಸ್ವರ, ವ್ಯಂಜನ, ಗುಣಿತಗಳೆಲ್ಲ ಮುಗಿದ ಬಳಿಕವೇ ಅವುಗಳ ಸರದಿ. ಆದರೆ ಮಗು ಮೊಟ್ಟಮೊದಲು ಆಡುವ ಪದಗಳನ್ನು ಗಮನಿಸಿದರೆ ಬೇರೆಯೇ ಚಿತ್ರ ಕಾಣುತ್ತದೆ. ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜ, ಅಜ್ಜಿ: ಇವೆಲ್ಲವೂ ಒತ್ತಕ್ಷರದ ಪದಗಳು. 'ಇಲ್ಲ', 'ಎಲ್ಲಿ', 'ನನ್ನ', 'ನಿನ್ನ' ಇಲ್ಲದೆ ಕನ್ನಡದ ಮಾತು ಸಾಗದು. ಸಪ್ತಮೀ ವಿಭಕ್ತಿಯ 'ಅಲ್ಲಿ' ಪ್ರತ್ಯಯದಲ್ಲೂ ಒತ್ತು ಇದೆ. ಒತ್ತಕ್ಷರ ಬಾರದ ಮಗುವಿಗೆ ಅತಿ ಸಾಮಾನ್ಯವಾದ ಕನ್ನಡ ವಾಕ್ಯವೂ ಅರೆಬರೆ ಮಾತ್ರ ದಕ್ಕುತ್ತದೆ. ಅದು 'ಕತ್ತೆ'ಯನ್ನು 'ಕತೆ' ಎಂದೂ 'ಹಳ್ಳ'ವನ್ನು 'ಹಳ' ಎಂದೂ ಓದಿ ಅರ್ಥ ಕಾಣದೆ ನಿಲ್ಲುತ್ತದೆ.

ಕಷ್ಟಕ್ಕೆ ಲಿಪಿಯ ರಚನೆಯೇ ಕಾರಣ. 'ಶಕ್ತಿ' ಎಂಬ ಪದದಲ್ಲಿ ಗುಡಿಸು ಇರುವುದು 'ಕ'ಕಾರದ ಮೇಲೆ, ಆದರೆ 'ಇ'ಕಾರ ಕೇಳಿಸುವುದು 'ತ'ಕಾರದ ನಂತರ. ಕಣ್ಣು ಕಂಡ ಕ್ರಮದಲ್ಲಿ ಓದಿದ ಮಗು 'ಶಕಿತ' ಎಂದರೆ ಅದು ತರ್ಕಬದ್ಧವಾದ ತಪ್ಪು. 'ಸೂರ್ಯ' ಪದದಲ್ಲಿ ಮೊದಲು ಕೇಳಿಸುವ ರಕಾರವನ್ನು ಅರ್ಕಾವೊತ್ತಾಗಿ ಯಕಾರದ ಆಚೆಗೆ ಬರೆಯುತ್ತೇವೆ. ತ, ಮ, ಯ, ರ, ಲ ಮೊದಲಾದವುಗಳ ಒತ್ತುರೂಪಕ್ಕೂ ಮೂಲರೂಪಕ್ಕೂ ಹೋಲಿಕೆಯೇ ಕಡಿಮೆ. ಇಂತಹ ಕಡೆ 'ನೋಡಿ ಓದು' ಎಂದು ಗದರಿಸುವುದರಿಂದ ಪ್ರಯೋಜನವಿಲ್ಲ. ಯಾವ ಭಾಗ ಮೊದಲು, ಯಾವುದು ನಂತರ ಎಂಬುದನ್ನು ಬಿಡಿಸಿ ತೋರಿಸಲೇಬೇಕು.

ಬಾಲಬೋಧೆಯಿಂದ ನಲಿ-ಕಲಿಯವರೆಗೆ

ಹಿಂದಿನ ಮಠ-ಮಗ್ಗಿಯ ಶಾಲೆಗಳಲ್ಲಿ ಮರಳಿನ ಮೇಲೆ ತಿದ್ದಿ, ಒಕ್ಕೊರಲಿನಿಂದ ಹೇಳಿ ಅಕ್ಷರ ಕಲಿಯುವ ಪದ್ಧತಿ ಇತ್ತು. ಬಾಲಬೋಧೆಯ ಪುಸ್ತಕಗಳು ಅದೇ ಕ್ರಮವನ್ನು ಮುದ್ರಣಕ್ಕೆ ತಂದವು. ಧ್ವನಿಶಾಸ್ತ್ರದ ದೃಷ್ಟಿಯಿಂದ ವರ್ಣಮಾಲೆಯ ಜೋಡಣೆ ಅತ್ಯಂತ ವೈಜ್ಞಾನಿಕ. ಆದರೆ ಓದುವ ಮಗುವಿಗೆ ಆ ಕ್ರಮದಲ್ಲಿ ಪದಗಳು ಬೇಗ ಸಿಗುವುದಿಲ್ಲ. 'ಙ', 'ಞ'ಗಳನ್ನು ಕಲಿತ ಮಗು ಅವುಗಳನ್ನು ಬಳಸುವ ಸಂದರ್ಭ ಅಪರೂಪ.

ಈ ಕೊರತೆಯನ್ನು ಮನಗಂಡ ಕರ್ನಾಟಕದ ಪ್ರಯೋಗವೇ 'ನಲಿ-ಕಲಿ'. ಆಂಧ್ರಪ್ರದೇಶದ ರಿಷಿವ್ಯಾಲಿ ಶಾಲೆಯ ಮಾದರಿಯಿಂದ ಪ್ರೇರಣೆ ಪಡೆದು, ಯುನಿಸೆಫ್ ನೆರವಿನೊಡನೆ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಇದು ಆರಂಭವಾಯಿತು. 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಆರಂಭಿಕ ತರಗತಿಗಳಿಗೆ ವಿಸ್ತರಿಸಿತು. ಕಲಿಕಾ ಏಣಿ, ಕಾರ್ಡುಗಳು ಮತ್ತು ಗುಂಪುಗಳ ಮೂಲಕ ಮಗು ತನ್ನ ವೇಗದಲ್ಲಿ ಮೇಲೇರುವ ವ್ಯವಸ್ಥೆ ಇದು. ಇಲ್ಲಿ ಅಕ್ಷರಗಳ ಆರಂಭ 'ಅ ಆ ಇ ಈ'ಯಿಂದ ಅಲ್ಲ, 'ರ ಗ ಸ ದ ಅ' ಎಂಬ ಐದರಿಂದ. ಐದೇ ಅಕ್ಷರಗಳಿಂದ ಸರ, ದರ, ರಸ, ಅರಸ, ಅಗಸ, ಗರಗಸ ಎಂಬ ಪದಗಳು ಹುಟ್ಟುತ್ತವೆ. ಮುಂದೆ 'ಜ ವ ಮ ಬ ನ' ಸೇರಿದೊಡನೆ ಮರ, ಜನ, ಮಗ, ಬಸವ, ಅವಸರ ಎಂದು ಪದಭಂಡಾರ ಹಲವು ಪಟ್ಟು ಬೆಳೆಯುತ್ತದೆ. ಅಕ್ಷರ ಕಲಿತ ವಾರದಲ್ಲಿಯೇ ಮಗು ಅರ್ಥವುಳ್ಳ ಪದವನ್ನು ಓದುತ್ತದೆಂಬುದೇ ಈ ಕ್ರಮದ ಹಿರಿಮೆ.

ಆದರೂ ಕ್ರಮವೊಂದೇ ಸಾಲದೆಂಬುದನ್ನು ಮುಂದಿನ ಅಧ್ಯಯನಗಳು ತೋರಿಸಿವೆ. ಶೈಲಜಾ ಮೆನನ್ ಮತ್ತು ಸಂಗಡಿಗರು ಕರ್ನಾಟಕದ ಯಾದಗಿರಿ ಹಾಗೂ ಮಹಾರಾಷ್ಟ್ರದ ವಾಡಾ ಪ್ರದೇಶಗಳ ಮಕ್ಕಳನ್ನು ಹಲವು ವರ್ಷ ಹಿಂಬಾಲಿಸಿ ನಡೆಸಿದ ಸಂಶೋಧನೆಯ ವರದಿ 2017ರಲ್ಲಿ ಹೊರಬಂದಿತು. ಮೂರನೆಯ ತರಗತಿಗೆ ಬಂದರೂ ಅನೇಕ ಮಕ್ಕಳು ಲಿಪಿಯೊಡನೆ ಇನ್ನೂ ಹೆಣಗುತ್ತಿದ್ದುದು ಅದರಲ್ಲಿ ದಾಖಲಾಗಿದೆ. ಅಕ್ಷರಾಭ್ಯಾಸ ಮುಗಿಯುವವರೆಗೆ ಕಥೆ-ಪುಸ್ತಕಗಳನ್ನು ದೂರವಿಡುವ ರೂಢಿಯನ್ನೂ ವರದಿ ಪ್ರಶ್ನಿಸಿತು. ಗ್ರಾಮೀಣ ಭಾರತದಲ್ಲಿ ನಡೆಯುವ ಅಸರ್ ಸಮೀಕ್ಷೆಯ ಅಂಕಿಗಳೂ ಇದೇ ಕಳವಳವನ್ನು ದೃಢಪಡಿಸುತ್ತವೆ. ಎರಡನೆಯ ತರಗತಿಯ ಮಟ್ಟದ ಪಾಠವನ್ನು ಓದಬಲ್ಲ ಮೂರನೆಯ ತರಗತಿಯ ಮಕ್ಕಳು ದೇಶದಲ್ಲಿ 2018ರಲ್ಲಿ ಶೇ. 27.3ರಷ್ಟಿದ್ದರು. ಕೋವಿಡ್ ಕಾಲದ ಶಾಲಾ ಮುಚ್ಚುಗಡೆಯ ಬಳಿಕ 2022ರಲ್ಲಿ ಅದು ಶೇ. 20.5ಕ್ಕೆ ಇಳಿದು, 2024ರಲ್ಲಿ ಶೇ. 27.1ಕ್ಕೆ ಚೇತರಿಸಿಕೊಂಡಿತು. ಚೇತರಿಸಿಕೊಂಡ ಮೇಲೂ ನಾಲ್ವರಲ್ಲಿ ಸುಮಾರು ಮೂವರು ಆ ಮಟ್ಟವನ್ನು ಮುಟ್ಟಿಲ್ಲ.

ಕಲಿಸುವ ಕ್ರಮ

ಕನ್ನಡದ ಸ್ವಭಾವಕ್ಕೆ ಹೊಂದುವ ಪದಬೋಧನೆಯನ್ನು ಆರು ಹಂತಗಳಲ್ಲಿ ಹೀಗೆ ರೂಢಿಸಬಹುದು:

1. ಕಿವಿಯ ಅಭ್ಯಾಸ. ಪುಸ್ತಕಕ್ಕೆ ಮೊದಲು ಪದಗಳನ್ನು ಚಪ್ಪಾಳೆ ತಟ್ಟಿ ಒಡೆಯುವ, ಪ್ರಾಸ ಹುಡುಕುವ, ಪದಬಂಡಿ ಕಟ್ಟುವ ಆಟಗಳು ನಡೆಯಲಿ. 'ಕಮಲ'ದಲ್ಲಿ 'ಕ' ತೆಗೆದರೆ ಉಳಿಯುವುದೇನು ಎಂಬ ಪ್ರಶ್ನೆಗೆ ಬಾಯಲ್ಲಿಯೇ ಉತ್ತರ ಕೊಡಬಲ್ಲ ಮಗು ಓದಿಗೆ ಸಿದ್ಧವಾಗುತ್ತಿದೆ.

2. ಕೆಲವೇ ಅಕ್ಷರ, ಕೂಡಲೇ ಪದ. ನಾಲ್ಕೈದು ಅಕ್ಷರಗಳನ್ನು ಕಲಿತೊಡನೆ ಅವುಗಳಿಂದಾಗುವ ಪದಗಳನ್ನು ಓದಿಸಬೇಕು. ಅಕ್ಷರಗಳ ನಡುವೆ ನಿಲ್ಲದೆ ಧ್ವನಿಯನ್ನು ಎಳೆದು ಕೂಡಿಸುವುದನ್ನು ಶಿಕ್ಷಕರು ಮೊದಲು ತಾವೇ ಮಾಡಿ ತೋರಿಸಬೇಕು.

3. ಗುಣಿತ ಸಾಲಾಗಿ ಅಲ್ಲ, ಜೋಡಿಯಾಗಿ. 'ಕ ಕಾ ಕಿ ಕೀ' ಎಂದು ರಾಗವಾಗಿ ಹೇಳುವ ಮಗು ಬಿಡಿಯಾಗಿ ಕಂಡ 'ಕೀ'ಯನ್ನು ಗುರುತಿಸದಿರಬಹುದು. ಒಂದು ಸ್ವರಚಿಹ್ನೆಯನ್ನು ಹಲವು ವ್ಯಂಜನಗಳಿಗೆ ಹಚ್ಚಿ, ಕರು-ಕಾರು, ಬಡಿ-ಬಾಡಿ ಮುಂತಾದ ಜೋಡಿಗಳಲ್ಲಿ ವ್ಯತ್ಯಾಸವನ್ನು ಕೇಳಿಸಿ ಕಾಣಿಸಬೇಕು.

4. ಸಜಾತೀಯ ಒತ್ತು ಬೇಗ, ವಿಜಾತೀಯ ಒತ್ತು ನಂತರ. ಅಮ್ಮ, ಅಕ್ಕ, ಇಲ್ಲ ಇತ್ಯಾದಿ ಪದಗಳನ್ನು ಮೊದಲ ವರ್ಷದಲ್ಲಿಯೇ ಪರಿಚಯಿಸಬಹುದು. ಪುಸ್ತಕ, ಶಕ್ತಿ, ಸೂರ್ಯಗಳಂತಹವನ್ನು ಮೂರು-ನಾಲ್ಕನೆಯ ತರಗತಿಗಳಲ್ಲಿ ವಿಧಿವತ್ತಾಗಿ ಬಿಡಿಸಿ ಕಲಿಸಬೇಕು.

5. ಉದ್ದ ಪದಗಳ ಕೀಲು. ಕನ್ನಡದಲ್ಲಿ 'ಮನೆ' ಎಂಬ ಪದ 'ಮನೆಯಲ್ಲಿ', 'ಮನೆಯಲ್ಲಿದ್ದ', 'ಮನೆಯಲ್ಲಿದ್ದವರಿಗೆ' ಎಂದು ಬೆಳೆಯುತ್ತದೆ. ಪ್ರತ್ಯಯಗಳನ್ನು ಬೆರಳಿನಿಂದ ಮುಚ್ಚಿ ಮೂಲಪದವನ್ನು ಮೊದಲು ಓದಿಸಿ, ಬಳಿಕ ಒಂದೊಂದಾಗಿ ತೆರೆದರೆ ಮಗುವಿಗೆ ಪದದ ಕೀಲುಗಳು ಕಾಣಿಸುತ್ತವೆ. 'ಗಳು', 'ಇಂದ', 'ಅಲ್ಲಿ', 'ವರಿಗೆ' ಎಂಬ ತುಣುಕುಗಳನ್ನು ನೋಟಮಾತ್ರದಿಂದ ಹಿಡಿಯುವ ಮಗು ಎಂತಹ ಉದ್ದನೆಯ ಪದಕ್ಕೂ ಅಂಜುವುದಿಲ್ಲ.

6. ಮರುಓದು. ಅದೇ ಪದ ಬೇರೆ ಬೇರೆ ವಾಕ್ಯಗಳಲ್ಲಿ ಮತ್ತೆ ಮತ್ತೆ ಎದುರಾದಾಗಲೇ ಅದು ಸರಾಗವಾಗುತ್ತದೆ. ಪದ ಬಿಡಿಸುವುದರಲ್ಲಿಯೇ ಗಮನವೆಲ್ಲ ವ್ಯಯವಾದರೆ ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಮೊದಲು ಓದಿದ್ದು ಮರೆತಿರುತ್ತದೆ.

ಉಚ್ಚಾರಣೆಯ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಳೆಯ ಮೈಸೂರು ಭಾಗದ ಅನೇಕ ಮನೆಗಳ ಆಡುಮಾತಿನಲ್ಲಿ 'ಹಾಲು' 'ಆಲು' ಆಗುತ್ತದೆ. ಮಹಾಪ್ರಾಣಗಳು ಹಲವೆಡೆ ಮಾತಿನಲ್ಲಿಲ್ಲ. ಮಗು ಪದವನ್ನು ಸರಿಯಾಗಿ ಗುರುತಿಸಿ ತನ್ನ ಮನೆಯ ಉಚ್ಚಾರದಲ್ಲಿ ಹೇಳಿದರೆ ಅದನ್ನು ಓದಿನ ತಪ್ಪೆಂದು ಎಣಿಸಿ ಅವಮಾನಿಸಬಾರದು. ಗ್ರಂಥಸ್ಥ ರೂಪವನ್ನು ಎರಡನೆಯ ಉಚ್ಚಾರವಾಗಿ ತಾಳ್ಮೆಯಿಂದ ಪರಿಚಯಿಸಬೇಕು.

ಎರಡು ಲಿಪಿಗಳ ಹೊರೆ

ನಗರಗಳ ಮಕ್ಕಳು ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಏಕಕಾಲಕ್ಕೆ ಆರಂಭಿಸುತ್ತಾರೆ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿಯೂ 2007ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿದೆ. ಎರಡು ಲಿಪಿ ಕಲಿಯುವುದು ಮಗುವಿಗೆ ಹಾನಿಕರವಲ್ಲ, ಆದರೆ ಎರಡಕ್ಕೂ ಒಂದೇ ಉಪಾಯ ಸಲ್ಲದು. ಇಂಗ್ಲಿಷಿನಲ್ಲಿ ಅಕ್ಷರದ ಹೆಸರು ಬೇರೆ, ಧ್ವನಿ ಬೇರೆ. 'ಸಿ ಎ ಟಿ' ಎಂದು ಎಷ್ಟು ಬಾರಿ ಹೇಳಿದರೂ ಅದರಿಂದ 'ಕ್ಯಾಟ್' ಹೊರಡುವುದಿಲ್ಲ. ಅಲ್ಲಿ ಅಕ್ಷರಗಳ ಧ್ವನಿಯನ್ನೇ ಕಲಿಸಬೇಕು. ನಿಯಮಕ್ಕೆ ಒಗ್ಗದ ಕೆಲವು ಪದಗಳಲ್ಲಿ ಯಾವ ಭಾಗ ನಿಯಮ ಮೀರಿದೆ ಎಂಬುದನ್ನು ಬೊಟ್ಟುಮಾಡಿ ತೋರಿಸಬೇಕು. ಕನ್ನಡದಲ್ಲಿ ಅಂತಹ ಪಟ್ಟಿಯ ಅಗತ್ಯವಿಲ್ಲ. ಇಲ್ಲಿ ಬೇಕಾದುದು ಗುಣಿತ ಮತ್ತು ಒತ್ತಕ್ಷರಗಳ ದೀರ್ಘಾಭ್ಯಾಸ. ಕನ್ನಡವನ್ನು ಎರಡನೆಯ ಭಾಷೆಯಾಗಿ ವಾರಕ್ಕೆ ಕೆಲವೇ ಅವಧಿ ಕಲಿಯುವ ಮಕ್ಕಳಲ್ಲಿ ಈ ಅಭ್ಯಾಸ ಅರ್ಧಕ್ಕೇ ನಿಲ್ಲುತ್ತದೆ. ಮಾತೃಭಾಷೆಯಲ್ಲಿ ಮಾತನಾಡಬಲ್ಲರು, ಓದಲಾರರು ಎಂಬ ಸ್ಥಿತಿ ಅಲ್ಲಿ ಹುಟ್ಟುತ್ತದೆ.

ತೊಡಕು ಕಂಡಾಗ

ಉತ್ತಮ ಬೋಧನೆ ದೊರೆತ ಮೇಲೂ ಕೆಲವು ಮಕ್ಕಳಿಗೆ ಪದ ಗುರುತಿಸುವುದು ಅತೀವ ಕಷ್ಟವಾಗುತ್ತದೆ. ಬುದ್ಧಿಗೂ ದೃಷ್ಟಿಗೂ ಕೊರತೆಯಿಲ್ಲದೆ, ಓದಿನಲ್ಲಿ ಮಾತ್ರ ಕಾಣಿಸುವ ಈ ನ್ಯೂನತೆಯೇ ಡಿಸ್ಲೆಕ್ಸಿಯಾ. ಪರಿಚಿತ ಅಕ್ಷರವೂ ಮರುದಿನ ಮರೆತುಹೋಗುವುದು, ಓದಿನ ವೇಗ ವರ್ಷಗಟ್ಟಲೆ ಹೆಚ್ಚದಿರುವುದು, ಓದಲು ಹೇಳಿದೊಡನೆ ಹೊಟ್ಟೆನೋವಿನ ನೆಪ ಹೇಳುವುದು ಮುಂತಾದವು ಗಮನಿಸಬೇಕಾದ ಸೂಚನೆಗಳು. ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವು 2015ರಲ್ಲಿ ಹೊರತಂದ 'ಡಾಲಿ' ಎಂಬ ಪರೀಕ್ಷಾ ಸಾಧನ ಕನ್ನಡದಲ್ಲಿಯೂ ಲಭ್ಯವಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಮಾನ್ಯ ಮಾಡಿದೆ. ಬೆಂಗಳೂರಿನ ನಿಮ್ಹಾನ್ಸ್ ಹಾಗೂ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗಳಲ್ಲಿ ತಪಾಸಣೆ ಮತ್ತು ಮಾರ್ಗದರ್ಶನ ದೊರೆಯುತ್ತದೆ. 'ದೊಡ್ಡವನಾದ ಮೇಲೆ ಸರಿಹೋಗುತ್ತದೆ' ಎಂದು ಕಾಯುವುದರಿಂದ ಅಮೂಲ್ಯ ವರ್ಷಗಳು ನಷ್ಟವಾಗುತ್ತವೆ.

ಮನೆಯ ಪಾತ್ರ

ಹೆತ್ತವರು ಶಿಕ್ಷಕರಾಗಬೇಕಿಲ್ಲ. ದಿನಕ್ಕೆ ಹತ್ತು-ಹದಿನೈದು ನಿಮಿಷ ಮಗುವಿನ ಪಕ್ಕದಲ್ಲಿ ಕುಳಿತು ಅದರ ಓದನ್ನು ಕೇಳಿದರೆ ಸಾಕು. ಮಗು ತಡೆದು ನಿಂತಾಗ ತಕ್ಷಣ ಪದವನ್ನು ಹೇಳಿಕೊಡದೆ, ಚಿತ್ರ ನೋಡಿ ಊಹಿಸು ಎನ್ನದೆ, ಮೊದಲ ಅಕ್ಷರದಿಂದ ಕೂಡಿಸಲು ಪ್ರೋತ್ಸಾಹಿಸಬೇಕು. ಓದಿದ ಬಳಿಕ ಅರ್ಥದ ಕುರಿತು ಒಂದೆರಡು ಮಾತು ಆಡಬೇಕು. ಬಸ್ಸಿನ ಫಲಕ, ಅಂಗಡಿಯ ಹೆಸರು, ಮದುವೆಯ ಕರೆಯೋಲೆ, ಹಾಲಿನ ಪೊಟ್ಟಣ ಎಲ್ಲವೂ ಓದಿನ ಸಾಮಗ್ರಿಗಳೇ. ಬೆಂಗಳೂರಿನಲ್ಲಿ 2004ರಲ್ಲಿ ಸ್ಥಾಪಿತವಾದ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ 'ಸ್ಟೋರಿವೀವರ್' ತಾಣದಲ್ಲಿ ಓದಿನ ಮಟ್ಟಕ್ಕೆ ಅನುಗುಣವಾಗಿ ವಿಂಗಡಿಸಿದ ಕನ್ನಡ ಕಥೆಗಳು ಉಚಿತವಾಗಿ ದೊರೆಯುತ್ತವೆ.

ಮಗು ನಿಜವಾಗಿ ಓದುತ್ತಿದೆಯೇ ಎಂದು ತಿಳಿಯಲು ಸುಲಭ ಮಾರ್ಗವೊಂದಿದೆ. ಪರಿಚಿತ ಪಾಠವನ್ನು ಬದಿಗಿಟ್ಟು, ಅದೇ ಮಟ್ಟದ ಎಂದೂ ಕಾಣದ ನಾಲ್ಕು ಸಾಲುಗಳನ್ನು ಓದಲು ಕೊಡಬೇಕು. ಮಗು ಎಡವಿದ ಪದಗಳನ್ನು ಗುರುತು ಹಾಕಿಕೊಂಡರೆ ಕೊರತೆ ದೀರ್ಘದಲ್ಲಿದೆಯೇ, ಒತ್ತಿನಲ್ಲಿದೆಯೇ, ಉದ್ದ ಪದದಲ್ಲಿದೆಯೇ ಎಂಬುದು ಐದು ನಿಮಿಷದಲ್ಲಿ ತಿಳಿಯುತ್ತದೆ.

ಮೂರನೆಯ ತರಗತಿ ಮುಗಿಯುವುದರೊಳಗೆ ಪ್ರತಿಯೊಂದು ಮಗುವೂ ಅರ್ಥಸಹಿತ ಓದಬೇಕೆಂಬುದು ಕೇಂದ್ರ ಸರ್ಕಾರ 2021ರಲ್ಲಿ ಆರಂಭಿಸಿದ 'ನಿಪುಣ್ ಭಾರತ್' ಅಭಿಯಾನದ ಗುರಿ. ನಾಲ್ಕನೆಯ ತರಗತಿಯಿಂದ ಮುಂದೆ ವಿಜ್ಞಾನ, ಸಮಾಜ, ಗಣಿತದ ಲೆಕ್ಕಗಳ ಒಕ್ಕಣೆಯೂ ಸೇರಿದಂತೆ ಎಲ್ಲವನ್ನೂ ಮಗು ಓದಿಯೇ ಕಲಿಯಬೇಕಾಗುತ್ತದೆ. ಓದು ಬಾರದ ಮಗುವಿಗೆ ಎಲ್ಲ ವಿಷಯಗಳ ಬಾಗಿಲೂ ಒಮ್ಮೆಗೇ ಮುಚ್ಚಿಕೊಳ್ಳುತ್ತದೆ. ಆದುದರಿಂದ ಗುರಿಯ ಗಡುವು ಮುಗಿದ ಮೇಲೂ ಒತ್ತಕ್ಷರದಲ್ಲಿ ತಡವರಿಸುವ ನಾಲ್ಕು, ಐದನೆಯ ತರಗತಿಯ ಮಗುವಿಗೆ ಪದ ಬಿಡಿಸುವುದನ್ನು ಕಲಿಸಲು ಶಾಲೆಗಳು ಸಮಯ ಮೀಸಲಿಡಬೇಕು. ಅದನ್ನು ಹಿಂದಿನ ತರಗತಿಯ ಪಾಠವೆಂದು ಕೈಬಿಟ್ಟರೆ ಮುಂದಿನ ತರಗತಿಗಳ ಪಾಠಗಳೆಲ್ಲ ಆ ಮಗುವಿನ ಕೈತಪ್ಪುತ್ತವೆ.